ನಡುಕೋಣೆಯ ಒಪ್ಪಂದ

ಆ ಮನೆಯಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಹತ್ತಿದ್ದೇನೋ ಸರಿ, ಆದರೆ ಮಗಳು ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ ಮನೆಯವರ ಬಾಯಿ ಕಟ್ಟಿಹೋಗುತ್ತಿತ್ತು. ಅಪ್ಪ ಸಿಟಿ ಬಸ್ಸಿನ ಡ್ರೈವರು. ಡಿಪೋದಲ್ಲಿ ಕೇಳಿದವರಿಗೆ 'ಏನೋ ದೊಡ್ಡ ಓದು' ಎಂದು ಹೇಳಿ ಮಾತು ತೇಲಿಸುತ್ತಿದ್ದ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಅಮ್ಮ 'ಇತಿಹಾಸ, ಮತ್ತೆ...' ಎಂದು ಅರ್ಧಕ್ಕೇ ನಿಲ್ಲಿಸಿ ಪಾತ್ರೆ ಕಡೆ ತಿರುಗುತ್ತಿದ್ದಳು. ಆಧುನಿಕ ಇತಿಹಾಸ ಮತ್ತು ಅಂತರರಾಷ್ಟ್ರೀಯ ರಾಜಕೀಯ ಎಂಬ ಅಷ್ಟುದ್ದದ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದವಳು ಅಜ್ಜಿ ಮಾತ್ರ. ಹೇಳಿದ ಮೇಲೆ ಒಂದು ಕುಟುಕು ಸೇರಿಸದೆ ಬಿಡುತ್ತಿರಲಿಲ್ಲ.

"ಅಲ್ಲ ಕಣೇ, ದೇಶ ದೇಶಗಳ ಜಗಳ ನೋಡೋಕೆ ದಿನಾ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಅಡುಗೆಮನೆ ಬಾಗಿಲಲ್ಲಿ ಕೂತ್ಕೋ. ಫೀಸೂ ಇಲ್ಲ."

ಅವಳಿಗೆ 'ರಾಯಭಾರಿ' ಎಂದು ಹೆಸರಿಟ್ಟವನು ಚಿಕ್ಕಪ್ಪ. ಅವನದು ಕನ್ನಡಕದ ಅಂಗಡಿ. ದಿನವಿಡೀ ಗಾಜು ಒರೆಸುತ್ತ ಬೀದಿಯಲ್ಲಿ ಹೋಗಿಬರುವವರಿಗೆಲ್ಲ ಅಡ್ಡಹೆಸರು ಇಡುವುದು ಅವನ ಎರಡನೆಯ ಕಸುಬು. ಬೇರೆಯವರಿಗಿಟ್ಟ ಹೆಸರುಗಳು ವಾರದೊಳಗೆ ಉದುರಿಹೋಗುತ್ತಿದ್ದವು, ಇದು ಮಾತ್ರ ಅಂಟಿಕೊಂಡಿತು. ಅಮ್ಮ ಕೂಡ ಊಟಕ್ಕೆ ಕರೆಯುವಾಗ 'ರಾಯಭಾರಿಗಳು ದಯಮಾಡಿಸಬೇಕು' ಎನ್ನತೊಡಗಿದಳು.

ಮನೆ ಹಳೆಯದು, ರೈಲು ಡಬ್ಬಿಯ ಹಾಗೆ ಉದ್ದ. ಈ ತುದಿಯಲ್ಲಿ ಅಪ್ಪ, ಅಮ್ಮ, ರಾಯಭಾರಿ. ಆ ತುದಿಯಲ್ಲಿ ಚಿಕ್ಕಪ್ಪ, ಚಿಕ್ಕಮ್ಮ. ನಡುವೆ ಅಜ್ಜಿಯ ಕೋಣೆ. ಅದಕ್ಕೆ ಎರಡು ಬಾಗಿಲು, ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ. ಅಜ್ಜಿ ಓಡಾಡಿಕೊಂಡಿದ್ದ ಕಾಲದಲ್ಲಿ ಅಲ್ಲಿ ಬಾಗಿಲುಗಳಿವೆ ಎಂಬುದನ್ನೇ ಯಾರೂ ಗಮನಿಸಿರಲಿಲ್ಲ. ಅಡುಗೆಮನೆ ಒಂದೇ ಇತ್ತು, ಅದರಲ್ಲಿ ಅಜ್ಜಿಯ ಮಾತೇ ಕಡೆಯ ಮಾತು. ಇಬ್ಬರು ಸೊಸೆಯಂದಿರಿಗೂ ಸರಿಸಮವಾಗಿ ಬೈದು, ಸರಿಸಮವಾಗಿ ಬಡಿಸಿ, ಎಲ್ಲರನ್ನೂ ಕೆಲಸಕ್ಕೆ ಅಟ್ಟಿ, ಆಮೇಲೆ ಕಿಟಕಿ ಪಕ್ಕ ಕೂತು ಒಂದು ಲೋಟ ಟೀ ಕುಡಿಯುವುದು ಅವಳ ಪದ್ಧತಿ.

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅದೆಲ್ಲ ನಿಂತುಹೋಯಿತು. ಆಪರೇಷನ್ ಆಯಿತು, ವಾಕರ್ ಬಂತು. ಯಾರಾದರೂ ಹೆಗಲು ಹಿಡಿದುಕೊಂಡರೆ ಕಕ್ಕಸಿನವರೆಗೆ ಹೋಗಿಬರುತ್ತಿದ್ದಳು, ಹಿಡಿಯುವವರು ಇಲ್ಲದಿದ್ದರೆ ಮಂಚವೇ ಗತಿ. ಇಬ್ಬರು ಸೊಸೆಯಂದಿರೂ ಕೆಲಸಕ್ಕೆ ಹೋಗುವವರು. ಅಮ್ಮ ಬೆಳಕು ಹರಿಯುವ ಮೊದಲೇ ಕ್ಯಾಂಟೀನಿಗೆ ಹೋಗಿ ಮಧ್ಯಾಹ್ನ ಮನೆ ಸೇರುತ್ತಿದ್ದಳು. ಚಿಕ್ಕಮ್ಮ ಬಟ್ಟೆ ಕಾರ್ಖಾನೆಯಲ್ಲಿ ನಿಂತುಕೊಂಡೇ ಬಟ್ಟೆ ಕತ್ತರಿಸುವವಳು. ಬೆಳಗಿನ ತಿಂಡಿ ಮುಗಿಸಿ ಹೊರಟರೆ ಸಂಜೆ ಬಾತ ಕಾಲೆಳೆದುಕೊಂಡು ಬರುತ್ತಿದ್ದಳು. ಅಜ್ಜಿ ಮಲಗಿದ ಮೇಲೆ ಆ ಮನೆಯಲ್ಲಿ ಬೈಯುವವರಿಗೇನೂ ಕಡಿಮೆಯಾಗಲಿಲ್ಲ, ಬೈಗುಳ ಮಾತ್ರ ಸರಿಸಮವಾಗಿ ಉಳಿಯಲಿಲ್ಲ.

ಒಂದು ಸಂಜೆ ರಕ್ತದೊತ್ತಡದ ಮಾತ್ರೆಯನ್ನು ಅಮ್ಮ ಕೊಟ್ಟಳು. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮನೂ ಬಂದು ಅದನ್ನೇ ಕೊಟ್ಟಳು. 'ಈಗಷ್ಟೇ ತಗೊಂಡೆ' ಎಂದು ಅಜ್ಜಿ ಹೇಳಿದರೆ ಮುದುಕಿಗೆ ಮರೆವು ಎಂದುಕೊಂಡಳಂತೆ. ಅಜ್ಜಿ ತಲೆ ಸುತ್ತಿ ವಾಂತಿ ಮಾಡಿಕೊಂಡು ಬಿಳುಚಿಹೋದಳು. ಡಾಕ್ಟರರು ಬಂದುಹೋದ ಮೇಲೆ ಅಸಲು ಜಗಳ ಶುರುವಾಯಿತು. ಬೇಯಿಸುವವರು ಯಾರು, ಬಳಿಯುವವರು ಯಾರು, ಹೋದ ವರ್ಷ ಯಾರು ಯಾರಿಗೆ ಏನೆಂದರು, ಎಲ್ಲವೂ ಊಟದ ಮೇಜಿನ ಮೇಲೆ ಬಂದವು. ಕಡೆಗೆ ಚಿಕ್ಕಪ್ಪ ತಟ್ಟೆ ಆಚೆ ನೂಕಿ, ಊರಾಚೆ ಒಂದು ಒಳ್ಳೆಯ ವೃದ್ಧಾಶ್ರಮವಿದೆ, ಅಂಗಡಿಗೆ ಬರುವವರೊಬ್ಬರು ತಾಯಿಯನ್ನು ಅಲ್ಲೇ ಬಿಟ್ಟಿದ್ದಾರೆ, ವಿಚಾರಿಸಿ ನೋಡೋಣ ಎಂದ. ಯಾರೂ ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ನಡುಕೋಣೆಯ ಬಾಗಿಲು ತೆರೆದೇ ಇತ್ತು.

"ಅಜ್ಜಿ ಎಲ್ಲಿಗೂ ಹೋಗಲ್ಲ," ಎಂದಳು ರಾಯಭಾರಿ.

"ನೋಡ್ಕೊಳ್ಳೋದು ಯಾರು, ನೀನಾ? ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀಯ," ಎಂದ ಅಪ್ಪ. ಆಮೇಲೆ ಸ್ವಲ್ಪ ಮೆತ್ತಗಾಗಿ, "ಸರಿ, ನೀನೇ ಒಂದು ದಾರಿ ಹೇಳಮ್ಮ. ದೇಶಗಳ ಜಗಳಕ್ಕೇ ದಾರಿ ಓದ್ತೀಯಲ್ಲ," ಎಂದ.

ಅಪ್ಪ ಅದನ್ನು ಅರ್ಧ ಅಣಕಕ್ಕೆ ಹೇಳಿದ್ದ. ಅವಳು ಪೂರ್ತಿ ನಿಜವೆಂದೇ ತೆಗೆದುಕೊಂಡಳು. ಇಪ್ಪತ್ತರ ವಯಸ್ಸಿನಲ್ಲಿ ಕಲಿತ ವಿದ್ಯೆ ಕೈಗೆ ಬಂದ ಹೊಸ ಕತ್ತರಿಯಿದ್ದ ಹಾಗೆ, ಏನಾದರೂ ಕತ್ತರಿಸುವವರೆಗೆ ಸಮಾಧಾನವಿರುವುದಿಲ್ಲ. ಆ ವಾರವಷ್ಟೇ ತರಗತಿಯಲ್ಲಿ ವಿಯೆನ್ನಾ ನಗರದ ಪಾಠವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಗೆದ್ದ ನಾಲ್ಕು ದೇಶಗಳು ಆ ನಗರವನ್ನು ಹಂಚಿಕೊಂಡವು. ನಗರದ ನಡುಭಾಗವನ್ನು ಮಾತ್ರ ಯಾರಿಗೂ ಕೊಡದೆ ತಿಂಗಳಿಗೊಬ್ಬರಂತೆ ಸರದಿಯಲ್ಲಿ ನೋಡಿಕೊಂಡವು. ಹತ್ತು ವರ್ಷ ಹಾಗೆಯೇ ನಡೆದು, ಎಲ್ಲರೂ ಹೊರಟುಹೋದ ಮೇಲೆ ನಗರ ಒಂದಾಗಿಯೇ ಉಳಿಯಿತು. ಆ ಪಾಠ ಕೇಳುವಾಗಲೇ ಅವಳ ಕಣ್ಣ ಮುಂದೆ ಎರಡು ಬಾಗಿಲಿನ ಕೋಣೆ ಬಂದಿತ್ತು.

ಎರಡು ಕಡೆಯವರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಮಾತಾಡಿದಳು. ಅಮ್ಮ ಬಟಾಣಿ ಸುಲಿಯುತ್ತ ಹೇಳಿದ್ದನ್ನು ಚಿಕ್ಕಮ್ಮನಿಗೆ ಹದ ಮಾಡಿ ತಲುಪಿಸಿದಳು, ಚಿಕ್ಕಮ್ಮ ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತ ಹೇಳಿದ್ದನ್ನು ಅಮ್ಮನಿಗೆ ನುಣ್ಣಗೆ ಮಾಡಿ ತಲುಪಿಸಿದಳು. ಮಧ್ಯಾಹ್ನದ್ದೆಲ್ಲ ಅಮ್ಮ, ಬೆಳಗಿನದ್ದೆಲ್ಲ ಚಿಕ್ಕಮ್ಮ ನೋಡಿಕೊಂಡರೆ ಸುಲಭವಲ್ಲವೇ ಎಂದು ಅಪ್ಪ ಒಮ್ಮೆ ಅಂದ. ಗಂಟೆಯ ಲೆಕ್ಕ ಹಾಕಿದರೆ ಒಬ್ಬರಿಗೆ ಹೆಚ್ಚು ಬಿತ್ತು, ಒಬ್ಬರಿಗೆ ಕಡಿಮೆ ಬಿತ್ತು ಎಂದು ಮತ್ತೆ ತಕರಾರಾಗುತ್ತದೆ, ಸರದಿಯೆಂದರೆ ವಾರವೇ ಸರಿ ಎಂದು ಅವಳು ವಾದಿಸಿ ಗೆದ್ದಳು.

ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದಳು. ಚಿಕ್ಕಮ್ಮನಿಗೆ ಹಿತ್ತಲ ಕಡೆ ಬೇರೆ ಒಲೆ. ಫ್ರಿಜ್ಜಿನ ಮೇಲಿನ ಖಾನೆ ಇವರಿಗೆ, ಕೆಳಗಿನದು ಅವರಿಗೆ. ನಡುಕೋಣೆ ಒಂದು ವಾರ ಈ ಕಡೆಯ ಹೊಣೆ, ಒಂದು ವಾರ ಆ ಕಡೆಯ ಹೊಣೆ. ಒಬ್ಬರ ವಾರದಲ್ಲಿ ಇನ್ನೊಬ್ಬರು ಕೈಹಾಕಕೂಡದು. ಈ ಕೊನೆಯ ಮಾತಿನ ಬಗ್ಗೆ ಅವಳಿಗೆ ವಿಶೇಷ ಹೆಮ್ಮೆ. ಮಾತ್ರೆಯ ಪ್ರಸಂಗ ಇನ್ನೊಮ್ಮೆ ಆಗುವಂತೆಯೇ ಇರಲಿಲ್ಲ. ನಾಲ್ವರೂ ಸಹಿ ಹಾಕಿದರು. ಬಾವುಟ ಹಾರಿಸುವುದು ಯಾವಾಗ ಎಂದು ಚಿಕ್ಕಪ್ಪ ಕೇಳಿದ. ಎಷ್ಟೋ ದಿನದ ಮೇಲೆ ಎಲ್ಲರೂ ನಕ್ಕರು.

ಅವಳು ಹಾಳೆಯನ್ನು ನಡುಕೋಣೆಗೆ ಒಯ್ದು ಅಜ್ಜಿಗೂ ಓದಿ ಹೇಳಿದಳು.

"ಚೆನ್ನಾಗಿ ಬರ್ದಿದೀಯ," ಎಂದಳು ಅಜ್ಜಿ. "ನಾನೆಲ್ಲಿ ಸಹಿ ಹಾಕ್ಬೇಕು?"

"ನಿಂದೇನೂ ಬೇಡ ಅಜ್ಜಿ. ನೀನು ಆರಾಮಾಗಿ ಮಲ್ಕೊಂಡಿರು."

ಮೊದಲ ಕೆಲವು ವಾರ ಎಲ್ಲವೂ ಸರಾಗವಾಗಿ ನಡೆಯಿತು. ಒಂದು ವಾರ ಅಮ್ಮನ ಸೂಪು, ಒಂದು ವಾರ ಚಿಕ್ಕಮ್ಮನ ಮೆತ್ತಗಿನ ಅನ್ನ. ಅಜ್ಜಿಯ ಹಾಸಿಗೆ ಮೊದಲಿಗಿಂತ ಚೊಕ್ಕಟವಾಗಿತ್ತು, ಏಕೆಂದರೆ ಹಿಂದಿನ ವಾರದವರಿಗಿಂತ ತಾವು ಕಡಿಮೆ ಎನಿಸಿಕೊಳ್ಳಲು ಇಬ್ಬರೂ ತಯಾರಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಅವಳು ಜಂಟಿ ಆಡಳಿತದ ಬಗ್ಗೆಯೇ ಪ್ರಬಂಧ ಓದಿದಳು. ಪಾಠ ಹೇಳುವ ಮೇಡಂ, ಸುಲಭಕ್ಕೆ ಹೊಗಳುವವರಲ್ಲ, ಕನ್ನಡಕ ತೆಗೆದು ಅವಳನ್ನು ನೋಡಿ, ಇದನ್ನು ನೀನು ಕಣ್ಣಾರೆ ಕಂಡವಳ ಹಾಗೆ ಬರೆದಿದ್ದೀಯ ಎಂದರು. ಆ ದಿನ ಅವಳು ಬಸ್ಸಿನಲ್ಲಿ ಒಬ್ಬಳೇ ನಗುತ್ತ ಮನೆಗೆ ಬಂದಳು.

ಕೆಟ್ಟದ್ದು ಒಂದು ಬಟ್ಟಲು ಸೂಪಿನಿಂದ. ಅದು ಆ ಕಡೆಯವರ ವಾರ. ಮಧ್ಯಾಹ್ನ ಅಂಗಡಿಯಿಂದ ಬಂದು ಅಜ್ಜಿಗೆ ಊಟ ಕೊಡಬೇಕಾದ ಚಿಕ್ಕಪ್ಪ ಗಿರಾಕಿಗಳ ನಡುವೆ ತಡಮಾಡಿದ. ಕೆಲಸದಿಂದ ಆಗತಾನೆ ಬಂದ ಅಮ್ಮ, ಮುದುಕಿ ಹಸಿದಿರುತ್ತಾಳೆ ಎಂದು ಒಂದು ಬಟ್ಟಲು ಸೂಪು ಬಿಸಿಮಾಡಿ ಕೊಟ್ಟಳು. ಅದರಲ್ಲಿ ಬೇರೆ ಯಾವ ಉದ್ದೇಶವೂ ಇರಲಿಲ್ಲ. ಸಂಜೆ ಚಿಕ್ಕಮ್ಮ ಮಂಚದ ಕೆಳಗೆ ಆ ಬಟ್ಟಲನ್ನು ಕಂಡಳು.

"ಅಕ್ಕ, ನಾವು ಅತ್ತೆಗೆ ಅನ್ನ ಹಾಕಲ್ಲ ಅಂತ ಬೀದಿಗೆಲ್ಲ ತೋರಿಸ್ಬೇಕಾಗಿತ್ತಾ?"

"ಬೀದಿಗೆ ಯಾಕೆ ತೋರಿಸ್ಲಿ? ಗಂಟೆ ಮೂರಾಗಿತ್ತು. ಹಸಿವು ಅಂದ್ರು, ಕೊಟ್ಟೆ."

"ಅವರು ಹೇಳ್ತಾರೆ. ಒಪ್ಪಂದದಲ್ಲಿ ಏನು ಬರ್ದಿದೆ? ನಿಮ್ಮ ಮಗಳೇ ಬರ್ದಿದ್ದು."

ಅಮ್ಮ ಬಟ್ಟಲು ಎತ್ತಿಕೊಂಡು ಬಂದು ಮಗಳ ಮುಂದೆ ಕುಕ್ಕಿದಳು. ಇನ್ನು ಮೇಲೆ ಅವರ ವಾರದಲ್ಲಿ ಆ ಕೋಣೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದಳು. ಅಂದಹಾಗೆಯೇ ನಡೆದುಕೊಂಡಳು. ಅವರ ವಾರದ ಮಧ್ಯಾಹ್ನಗಳಲ್ಲಿ ಈ ಕಡೆಯ ಬಾಗಿಲು ಮುಚ್ಚಿಕೊಂಡಿತು, ಅದರಾಚೆ ಅಜ್ಜಿ ಕೆಮ್ಮುವುದು ಕೇಳಿದರೂ ಅಮ್ಮ ಹಲ್ಲು ಕಚ್ಚಿಕೊಂಡು ಬಟ್ಟೆ ಮಡಚುತ್ತಿದ್ದಳು. ಇವರ ವಾರದ ಬೆಳಗಿನಲ್ಲಿ ಅಮ್ಮ ಕೆಲಸಕ್ಕೆ ಹೋಗಿರುತ್ತಿದ್ದಳು, ಅಪ್ಪ ಬಸ್ಸಿನಲ್ಲಿರುತ್ತಿದ್ದ, ರಾಯಭಾರಿ ಮೊದಲ ತರಗತಿ ಬಿಟ್ಟು ಅಜ್ಜಿಯನ್ನು ಬಚ್ಚಲಿಗೆ ನಡೆಸುತ್ತಿದ್ದಳು. ಆಗ ಆ ಕಡೆಯ ಬಾಗಿಲಿನ ಹಿಂದೆ ಚಿಕ್ಕಮ್ಮ ಸುಮ್ಮನೆ ಕೂತು ಟೀ ಕುಡಿಯುತ್ತಿದ್ದಳು. ಅವಳು ಕೆಟ್ಟವಳೇನಲ್ಲ. ಒಂದು ಸಲ ತಾನಾಗಿ ಎದ್ದು ಹೊಸ್ತಿಲವರೆಗೆ ಬಂದು ನಿಂತು, ಮತ್ತೆ ಹಿಂದೆ ಹೋದದ್ದನ್ನು ರಾಯಭಾರಿ ಕಣ್ಣಾರೆ ನೋಡಿದ್ದಳು.

ಅಜ್ಜಿಯ ಕುಟುಕು ಮಾತು ಕಡಿಮೆಯಾಯಿತು. ಈಗ ಅವಳು ಯಾರು ಕೋಣೆಗೆ ಬಂದರೂ ಮೊದಲು ಕೇಳುತ್ತಿದ್ದದ್ದು ಒಂದೇ, ಈ ವಾರ ಯಾರದ್ದು ಎಂದು.

ಮುಂದಿನ ಅನಾಹುತ ಒಂದು ಭಾನುವಾರ ಆಯಿತು. ಭಾನುವಾರ ಸರದಿ ಬದಲಾಗುತ್ತದೆ ಎಂದು ಒಪ್ಪಂದದಲ್ಲಿತ್ತು, ಎಷ್ಟು ಹೊತ್ತಿಗೆ ಎಂದು ಇರಲಿಲ್ಲ. ಬೆಳಗಾದರೆ ಅವರದು ಎಂದು ಅಮ್ಮ ತಿಳಿದಿದ್ದಳು. ಭಾನುವಾರ ಕಳೆದ ಮೇಲೆ ತಮ್ಮದು ಎಂದು ಚಿಕ್ಕಮ್ಮ. ಪರೀಕ್ಷೆ ಹತ್ತಿರವಿದ್ದುದರಿಂದ ರಾಯಭಾರಿ ಮೊದಲ ಬಸ್ಸಿಗೇ ಗ್ರಂಥಾಲಯಕ್ಕೆ ಹೋಗಿದ್ದಳು. ಮಧ್ಯಾಹ್ನ ಬಂದಾಗ ಮನೆಯ ಎರಡೂ ತುದಿಯಲ್ಲಿ ಮೊಟ್ಟೆ ಹುರಿಯುವ ವಾಸನೆಯಿತ್ತು, ಎರಡು ಕಡೆಯೂ ರೇಡಿಯೋ ಹಾಡುತ್ತಿತ್ತು. ನಡುಕೋಣೆಯಲ್ಲಿ ಅಜ್ಜಿ ಒದ್ದೆ ಹಾಸಿಗೆಯ ಮೇಲೆ ಸೂರು ನೋಡುತ್ತ ಮಲಗಿದ್ದಳು. ಬೆಳಗಿನಿಂದ ಬಾಯಿಗೆ ಏನೂ ಬಿದ್ದಿರಲಿಲ್ಲ.

ರಾಯಭಾರಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ಬಟ್ಟೆ ಬದಲಿಸಿದಳು, ಬೆನ್ನು ಒರೆಸಿದಳು.

"ಕೂಗ್ಬಾರ್ದಾ ಅಜ್ಜಿ? ಎಲ್ಲಾ ಮನೇಲೇ ಇದ್ರಲ್ಲ."

"ಯಾರನ್ನ ಅಂತ ಕೂಗ್ಲಿ? ಅವಳನ್ನ ಕೂಗಿದ್ರೆ ಇವಳ ಮೇಲೆ ದೂರು, ಇವಳನ್ನ ಕೂಗಿದ್ರೆ ಅವಳ ಮೇಲೆ ದೂರು. ಇಬ್ರೂ ದಣಿದಿರ್ತಾರೆ."

ಆ ಸಂಜೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಾಳೆಯ ಮುಂದೆ ನಾಲ್ವರೂ ಸೇರಿದರು. ಒಬ್ಬೊಬ್ಬರೂ ಬೆರಳಿಟ್ಟು ಓದಿದರು. ತಪ್ಪು ತಮ್ಮದಲ್ಲ ಎಂದು ಅಮ್ಮ ತೋರಿಸಿದಳು, ತಮ್ಮದೂ ಅಲ್ಲ ಎಂದು ಚಿಕ್ಕಪ್ಪ ತೋರಿಸಿದ. ಇಬ್ಬರೂ ಹೇಳಿದ್ದು ನಿಜವಾಗಿತ್ತು. ಕಡೆಗೆ ಎಲ್ಲರೂ ತಿರುಗಿ ಬರೆದವಳನ್ನು ನೋಡಿದರು. ಬೆಳಿಗ್ಗೆ ಆರು ಗಂಟೆ ಎಂದು ಸೇರಿಸು ಎಂದ ಅಪ್ಪ. ಅವಳು ಸೇರಿಸಿದಳು. ಒದ್ದೆ ಹಾಸಿಗೆಯ ವಿಷಯ ಅಲ್ಲಿಗೆ ಮುಗಿಯಿತು.

ಅವಳು ಮೇಡಂ ಹತ್ತಿರ ಹೋಗಿ ವಿಯೆನ್ನಾದ ಬಗ್ಗೆ ಇನ್ನೊಮ್ಮೆ ಕೇಳಿದಳು, ಅಲ್ಲಿ ಅದು ಹೇಗೆ ನಡೆಯಿತು ಎಂದು. ಮನೆಯ ಮಾತು ಎತ್ತಲಿಲ್ಲ. ಸರದಿ ದೊಡ್ಡ ವಿಷಯವಲ್ಲ ಎಂದರು ಮೇಡಂ. ಗಸ್ತು ತಿರುಗುವಾಗ ನಾಲ್ಕು ದೇಶದ ಸೈನಿಕರೂ ಒಂದೇ ಜೀಪಿನಲ್ಲಿ ಕೂತು ಹೋಗುತ್ತಿದ್ದರು, ಯಾರ ಸರದಿಯಿದ್ದರೂ ಉಳಿದ ಮೂವರು ಇಳಿದುಹೋಗುತ್ತಿರಲಿಲ್ಲ. ರಾಯಭಾರಿ ಸರದಿಯನ್ನು ಮಾತ್ರ ಮನೆಗೆ ತಂದಿದ್ದಳು, ಜೀಪನ್ನು ತಂದಿರಲಿಲ್ಲ.

ಅವಳು ಅದನ್ನೂ ಮಾಡಿ ನೋಡಿದಳು. ಅಮ್ಮನ ಗಲ್ಲ ಹಿಡಿದು, ಚಿಕ್ಕಮ್ಮನ ಕಾಲಿಗೆ ಎಣ್ಣೆ ತಿಕ್ಕಿ, ಒಂದೇ ಒಂದು ಸಲ ಇಬ್ಬರೂ ಕೂಡಿ ಅಜ್ಜಿಗೆ ಸ್ನಾನ ಮಾಡಿಸಿ ಎಂದು ಒಪ್ಪಿಸಿದಳು. ಎರಡು ಬಾಗಿಲಿನಿಂದ ಇಬ್ಬರೂ ಒಳಗೆ ಬಂದರು. ಒಬ್ಬಳು ಬಲತೋಳು ಹಿಡಿದಳು, ಇನ್ನೊಬ್ಬಳು ಎಡತೋಳು. ಮೊದಲು ಕೂರಿಸಿ ಎಂದಳು ಅಮ್ಮ, ಮೊದಲು ಕಾಲು ಇಳಿಸಿ ಎಂದಳು ಚಿಕ್ಕಮ್ಮ. ತಾನು ಆಸ್ಪತ್ರೆಯಲ್ಲಿ ದಿನಾ ನೋಡುತ್ತೇನೆ ಎಂದಳು ಅಮ್ಮ. ಕ್ಯಾಂಟೀನಿನ ಕಿಟಕಿಯಿಂದಲೋ ಎಂದಳು ಚಿಕ್ಕಮ್ಮ. ಇಬ್ಬರೂ ಒಮ್ಮೆಗೇ ಕೈ ಸಡಿಲಿಸಿದಾಗ ಅಜ್ಜಿ ವಾಕರಿನ ಮೇಲೆ ವಾಲಿದಳು. ರಾಯಭಾರಿ ಓಡಿಬಂದು ಹಿಡಿಯದಿದ್ದರೆ ಇನ್ನೊಂದು ಮೂಳೆಯೂ ಹೋಗುತ್ತಿತ್ತು. ಇಬ್ಬರೂ ಬಂದ ಬಾಗಿಲಿನಿಂದಲೇ ಹೊರಟುಹೋದರು. ರಾಯಭಾರಿ ಅಜ್ಜಿಯನ್ನು ಮಂಚದ ಮೇಲೆ ಮಲಗಿಸಿದಳು.

ಅವಳು ನೇರ ಹೋಗಿ ಹಾಳೆಯನ್ನು ಕಿತ್ತು ಹರಿದು ಹಾಕಿದಳು.

"ಹರಿದ್ರೆ ಏನಾಯ್ತು? ನಮಗೆಲ್ಲ ಬಾಯಿಪಾಠ ಆಗಿದೆ," ಎಂದಳು ಅಮ್ಮ ಒಲೆಯ ಮುಂದಿನಿಂದ. "ಯಾಕೆ ಕೋಪ ಮಾಡ್ಕೊಳ್ತೀಯ? ಈ ಮನೇಲಿ ಯಾರ ಕೆಲಸ ಯಾವುದು ಅಂತ ಈಗಾದ್ರೂ ಗೊತ್ತಾಗಿದೆ. ನಿನ್ನ ಓದಿಂದ ನಮಗೆ ಆದ ಉಪಕಾರ ಅದೊಂದೇ."

ಚಿಕ್ಕಮ್ಮನೂ ಹೆಚ್ಚುಕಡಿಮೆ ಅದನ್ನೇ ಹೇಳಿದಳು. ಮೊದಲಿನ ಹಾಗೆ ಎಲ್ಲವೂ ಕಲಸಿಹೋಗುವುದು ಅವಳಿಗೆ ಬೇಕಿರಲಿಲ್ಲ, ಈಗ ಎರಡು ವಾರಕ್ಕೊಮ್ಮೆಯಾದರೂ ಕಾಲು ಚಾಚಿ ಮಲಗಬಹುದಲ್ಲ ಎಂದಳು. ಅದು ಸುಳ್ಳಾಗಿರಲಿಲ್ಲ. ರಾಯಭಾರಿಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ನಾಲ್ಕು ಜನ ದುಡಿದು ಸುಸ್ತಾದವರು, ನಾಲ್ವರೂ ಹೇಳಿದ ಮಾತಿಗೆ ತಪ್ಪದೆ ನಡೆದುಕೊಳ್ಳುತ್ತಿದ್ದರು.

ಪರೀಕ್ಷೆ ಮುಗಿದ ದಿನ ಅವಳು ಬೇಗ ಮನೆಗೆ ಬಂದಳು. ಅದು ಆ ಕಡೆಯವರ ವಾರ. ಚಿಕ್ಕಪ್ಪ ಊಟ ಕೊಟ್ಟು ಅಂಗಡಿಗೆ ಹೋಗಿದ್ದ, ನೀರಿನ ಲೋಟ ತುಂಬಿಸಲು ಮರೆತಿದ್ದ. ಅಜ್ಜಿಯ ತುಟಿ ಒಣಗಿತ್ತು. ರಾಯಭಾರಿ ಒಳಗೆ ಹೋಗಿ ಲೋಟದಲ್ಲಿ ನೀರು ತಂದಳು. ಅಜ್ಜಿ ಲೋಟವನ್ನು ನೋಡಿದಳು, ಕೈ ಚಾಚಲಿಲ್ಲ.

"ಇದು ನಿಮ್ಮ ಕಡೆ ಲೋಟ," ಎಂದಳು. "ಬೇಡ. ಸಂಜೆ ಅವಳು ಬರ್ತಾಳಲ್ಲ, ಆಗ ಕುಡೀತೀನಿ."

"ಅಜ್ಜಿ, ನೀರು ಕುಡಿಯೋಕೆ ಏನು. ನಾನು ಯಾರಿಗೂ ಹೇಳಲ್ಲ."

"ನೀನು ಹೇಳಲ್ಲ. ಲೋಟ ಹೇಳುತ್ತೆ." ಅಜ್ಜಿ ದಿಂಬಿನ ಮೇಲೆ ತಲೆ ಹೊರಳಿಸಿ ಅವಳ ಕೈ ಹಿಡಿದುಕೊಂಡಳು. "ಕೂತ್ಕೋ ಇಲ್ಲಿ. ನಿನ್ನಿಂದ ಒಂದು ಕೆಲಸ ಆಗ್ಬೇಕು. ನಿನ್ನ ಚಿಕ್ಕಪ್ಪ ಹೇಳಿದ್ನಲ್ಲ ಊರಾಚೆ ಜಾಗ, ಅಲ್ಲಿಗೆ ಕಳಿಸಿ ಅಂತ ಹೇಳು. ನಾನೇ ಕೇಳಿದೆ ಅನ್ನು."

"ನಾನು ಹೇಳಲ್ಲ."

"ನಿನ್ನ ಮಾತನ್ನ ಎರಡು ಕಡೆಯವರೂ ಕೇಳ್ತಾರೆ, ಅದಕ್ಕೆ ನಿಂಗೆ ಹೇಳ್ತಿರೋದು. ಅಲ್ಲಿ ಒಬ್ಬಳೇ ಆಯಾ ಇರ್ತಾಳಂತೆ. ಬೈದ್ರೂ ಅವಳೇ, ನೀರು ಕೊಟ್ರೂ ಅವಳೇ. ಇಲ್ಲಿ ಒಂದೊಂದು ಗುಟುಕಿಗೂ ಯೋಚ್ನೆ ಮಾಡಿ ಮಾಡಿ ಸಾಕಾಗಿದೆ ಕಣೇ."

ಅವಳು ತುಂಬ ಹೊತ್ತು ವಾದಿಸಿದಳು. ತಾನೇ ಓದು ಬಿಟ್ಟು ಮನೆಯಲ್ಲಿರುತ್ತೇನೆ ಎಂದಳು. ಅಜ್ಜಿ ಅವಳ ಬಾಯಿ ಮುಚ್ಚಿಸಿದಳು. ಅವಳ ಓದಿನ ಆ ಉದ್ದನೆಯ ಹೆಸರನ್ನು ತಾನು ಸುಮ್ಮನೆ ಬಾಯಿಪಾಠ ಮಾಡಿದ್ದಲ್ಲ ಎಂದಳು. ಕಡೆಗೆ ಅವಳು ಒಪ್ಪಿದಳು.

ಸಂಜೆ ಅಪ್ಪ, ಅಮ್ಮ ಊಟಕ್ಕೆ ಕೂತಿದ್ದಾಗ ಅವಳು ವಿಷಯ ತೆಗೆದಳು. ಬೇಕೆಂದೇ ಕೆಟ್ಟದಾಗಿ ಹೇಳಿದಳು, ಯಾರಾದರೂ ತಟ್ಟೆ ಬಿಟ್ಟೆದ್ದು ಆಗುವುದಿಲ್ಲ ಎಂದು ಕೂಗಲಿ ಎಂದು. ಅಪ್ಪ ಬಹಳ ಹೊತ್ತು ಬ್ರೆಡ್ಡು ಮುರಿಯುತ್ತಲೇ ಇದ್ದ.

"ನಮ್ಮಮ್ಮನೇ ಕೇಳಿದ್ಲಾ?"

"ಹೂಂ."

"ಅವಳೇ ಕೇಳಿದ್ಲು ಅಂದ್ರೆ..." ಎಂದು ಅಮ್ಮನ ಕಡೆ ನೋಡಿದ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಅವರ ಮನಸ್ಸಿಗೆ ಹೇಗೆ ಸಮಾಧಾನವೋ ಹಾಗೆ ಎಂದಳು.

ಹಿತ್ತಲ ಒಲೆಯ ಹತ್ತಿರ ಹೋಗಿ ಅವಳು ಹೇಳಿದಾಗ ಚಿಕ್ಕಪ್ಪನೂ ಅದೇ ಪ್ರಶ್ನೆ ಕೇಳಿದ, ಚಿಕ್ಕಮ್ಮನೂ ಅದೇ ಉತ್ತರ ಕೊಟ್ಟಳು. ಅವಳ ಕಣ್ಣೂ ಒದ್ದೆಯಾಗಿತ್ತು. ಅಣ್ಣನ ಹತ್ತಿರ ತಾನೇ ಮಾತಾಡುತ್ತೇನೆ ಎಂದು ಚಿಕ್ಕಪ್ಪ ಎದ್ದ. ಎಷ್ಟೋ ವಾರಗಳ ಮೇಲೆ ಅವನು ಈ ಕಡೆಗೆ ಬಂದು ಕುರ್ಚಿ ಎಳೆದುಕೊಂಡು ಕೂತ, ಅಮ್ಮ ಕೇಳದೆಯೇ ಅವನಿಗೂ ಒಂದು ತಟ್ಟೆ ಹಾಕಿದಳು. ಜಾಗ ಎಂಥದು, ಗಾಳಿ ಬೆಳಕು ಹೇಗಿದೆ, ವಾರಕ್ಕೊಮ್ಮೆ ಯಾರು ಯಾರು ಹೋಗಿಬರುವುದು ಎಂದು ಅಣ್ಣತಮ್ಮಂದಿರು ಮೆಲ್ಲಗೆ ಮಾತಾಡಿಕೊಂಡರು. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮನೂ ಬಂದಳು. ಒಬ್ಬರೂ ದನಿ ಏರಿಸಲಿಲ್ಲ.

ರಾಯಭಾರಿ ಎದ್ದು ನಡುಕೋಣೆಗೆ ಹೋದಳು. ಅಜ್ಜಿ ದಿಂಬಿಗೆ ಒರಗಿ ಬಾಗಿಲ ಕಡೆಗೇ ನೋಡುತ್ತಿದ್ದಳು.

"ಏನಂದ್ರು?"

"ಒಪ್ಪಿದ್ರು."

"ಎರಡು ಕಡೆಯವರೂ?"

"ಎರಡು ಕಡೆಯವರೂ."

ಅಜ್ಜಿ ಹೊದಿಕೆಯ ಅಂಚನ್ನು ಮಡಚಿದಳು, ಬಿಡಿಸಿದಳು. ಆಚೆಯಿಂದ ತಟ್ಟೆ ಎತ್ತುವ ಸದ್ದು ಬರುತ್ತಿತ್ತು.

"ಒಬ್ಬರಾದ್ರೂ ಜಗಳ ಆಡ್ತಾರೆ ಅಂದ್ಕೊಂಡಿದ್ದೆ ಕಣೇ," ಎಂದಳು.